ಹೈನುರಾಸುಗಳಿಗೆ ಪ್ರತಿಜೈವಿಕ ಔಷಧ: ಪ್ರಮಾಣ, ಅಂತರ ಮತ್ತು ಹಾಲು ತಡೆಹಿಡಿಯುವ ಅವಧಿಯ ಹಿಂದಿನ ಲೆಕ್ಕ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಘಟಪ್ರಭಾ, ಹಿರಣ್ಯಕೇಶಿ ಹಾಗೂ ಮಾರ್ಕಂಡೇಯ ನದಿಗಳ ನೀರು ಕಬ್ಬು ಮತ್ತು ಗೋವಿನಜೋಳವನ್ನು ಪೋಷಿಸುವುದರೊಂದಿಗೆ ಹಸಿರು ಮೇವನ್ನೂ ಒದಗಿಸಿ ಹೈನುಗಾರಿಕೆಗೆ ಆಧಾರವಾಗಿದೆ. ಕಬ್ಬಿನ ಹಣ ಕೈಸೇರುವುದು ಹಂಗಾಮಿಗೊಮ್ಮೆ. ಮನೆಯ ನಿತ್ಯದ ಖರ್ಚನ್ನು ತೂಗಿಸುವುದು ಎಮ್ಮೆ ಮತ್ತು ಮಿಶ್ರತಳಿ ಆಕಳುಗಳ ಹಾಲು. ಇಂತಹ ರಾಸಿಗೆ ಕೆಚ್ಚಲು ಬಾವು, ಗರ್ಭಕೋಶದ ಸೋಂಕು ಅಥವಾ ನ್ಯುಮೋನಿಯಾ ತಗುಲಿದಾಗ ಪಶುವೈದ್ಯರು ಪ್ರತಿಜೈವಿಕ (ಆಂಟಿಬಯೋಟಿಕ್) ಚುಚ್ಚುಮದ್ದು ನೀಡುವುದು ಸಾಮಾನ್ಯ.

ಆಗ ರೈತರಲ್ಲಿ ಕೆಲವು ಪ್ರಶ್ನೆಗಳು ಮೂಡುತ್ತವೆ. ನಿನ್ನೆ ಚುಚ್ಚುಮದ್ದು ಆಗಿರುವಾಗ ಇಂದು ಮತ್ತೇಕೆ? ಪಕ್ಕದ ಮನೆಯ ಎಮ್ಮೆಗೆ ಮೂರು ದಿನ ಕೊಟ್ಟಿದ್ದು ನಮ್ಮ ಎಮ್ಮೆಗೆ ಐದು ದಿನ ಏಕೆ? ರಾಸು ಮೇವು ತಿನ್ನತೊಡಗಿದ ಮೇಲೂ ಹಾಲನ್ನು ಡೇರಿಗೆ ಏಕೆ ಹಾಕಬಾರದು? ಹೆಪ್ಪು ಹಾಕಿದ ಹಾಲು ಮೊಸರಾಗದೆ ಉಳಿದದ್ದೇಕೆ? ಈ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಔಷಧವು ರಾಸಿನ ರಕ್ತದಲ್ಲಿ ಎಷ್ಟು ಎತ್ತರಕ್ಕೆ ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಮತ್ತು ಎಷ್ಟು ಬೇಗ ಹೊರಹೋಗುತ್ತದೆ ಎಂಬುದೇ ಆ ಉತ್ತರ. ಇದನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಔಷಧ ಚಲನಶಾಸ್ತ್ರ (ಫಾರ್ಮಾಕೊಕೈನೆಟಿಕ್ಸ್) ಎಂದು ಹೆಸರು. ಅದರ ಮೂಲತತ್ತ್ವಗಳನ್ನು ಹೈನುಗಾರರಿಗೆ ಅನ್ವಯವಾಗುವಂತೆ ಈ ಲೇಖನದಲ್ಲಿ ವಿವರಿಸಲಾಗಿದೆ. ಇಲ್ಲಿನ ಲೆಕ್ಕಗಳು ವಿಷಯ ತಿಳಿಯಲು ಮಾತ್ರ. ಔಷಧದ ಆಯ್ಕೆ ಮತ್ತು ಪ್ರಮಾಣದ ನಿರ್ಧಾರ ಪಶುವೈದ್ಯರಿಗೇ ಸೇರಿದ್ದು.

ರಕ್ತದಲ್ಲಿ ಔಷಧದ ಏರಿಳಿತ

ಜಲಾಶಯದ ನೀರಿನ ಮಟ್ಟವನ್ನು ಒಳಹರಿವು ಮತ್ತು ಹೊರಹರಿವು ಎರಡೂ ಸೇರಿ ನಿರ್ಧರಿಸುತ್ತವೆ. ಹಿಡಕಲ್ ಜಲಾಶಯವನ್ನು ಕಂಡ ಈ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಕ್ತದಲ್ಲಿನ ಔಷಧದ ಮಟ್ಟವೂ ಹಾಗೆಯೇ. ಚುಚ್ಚುಮದ್ದಿನ ಜಾಗದಿಂದ ಔಷಧವು ರಕ್ತಕ್ಕೆ ಸೇರುವುದು ಒಳಹರಿವು. ಯಕೃತ್ತಿನಲ್ಲಿ ಮಾರ್ಪಾಡಾಗಿ ಅಥವಾ ಮೂತ್ರಪಿಂಡದ ಮೂಲಕ ಹೊರಹೋಗುವುದು ಹೊರಹರಿವು. ಈ ನಡುವೆ ಒಂದು ಪಾಲು ಮಾಂಸಖಂಡ, ಶ್ವಾಸಕೋಶ, ಗರ್ಭಕೋಶ ಮತ್ತು ಕೆಚ್ಚಲಿಗೆ ಹರಡುತ್ತದೆ.

ಬಹುತೇಕ ಔಷಧಗಳು ರಕ್ತದಿಂದ ಇಳಿಯುವ ರೀತಿಯಲ್ಲಿ ಒಂದು ನಿಯಮವಿದೆ. ನಿಗದಿತ ಕಾಲಾವಧಿಯಲ್ಲಿ ಇದ್ದುದರ ಅರ್ಧದಷ್ಟು ಹೋಗುತ್ತದೆ. ಅಷ್ಟೇ ಕಾಲ ಮತ್ತೆ ಕಳೆದಾಗ ಉಳಿದುದರ ಅರ್ಧ ಹೋಗುತ್ತದೆ. ಆ ಕಾಲಾವಧಿಯನ್ನು ಔಷಧದ ಅರ್ಧಾಯು ಎನ್ನುತ್ತಾರೆ. ಮೊದಲು 100 ಪಾಲು ಇದ್ದರೆ ಒಂದು ಅರ್ಧಾಯುವಿನ ನಂತರ 50, ಎರಡರ ನಂತರ 25, ಮೂರರ ನಂತರ 12.5, ನಾಲ್ಕರ ನಂತರ ಸುಮಾರು 6, ಐದರ ನಂತರ ಸುಮಾರು 3 ಪಾಲು ಉಳಿಯುತ್ತದೆ. ಹೊಸ ಚುಚ್ಚುಮದ್ದು ಯಾವಾಗ ಬೇಕು ಎಂಬುದಕ್ಕೂ, ಹಾಲು ಯಾವಾಗ ಶುದ್ಧವಾಗುತ್ತದೆ ಎಂಬುದಕ್ಕೂ ಈ ಸರಳ ಇಳಿಕೆಯೇ ಬುನಾದಿ.

ಇದರ ಮಹತ್ವ ಮನುಕುಲಕ್ಕೆ ತಿಳಿದ ಬಗೆ ನೋವಿನದು. 1941ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಸಿಬ್ಬಂದಿಗೆ ಪೆನಿಸಿಲಿನ್ ನೀಡಲಾಯಿತು. ತೀವ್ರ ಸೋಂಕಿನಿಂದ ಬಳಲುತ್ತಿದ್ದ ಆತ ಕೆಲವೇ ದಿನಗಳಲ್ಲಿ ಗಮನಾರ್ಹವಾಗಿ ಚೇತರಿಸಿಕೊಂಡನು. ಆದರೆ ಪೆನಿಸಿಲಿನ್ ಮೂತ್ರದ ಮೂಲಕ ಅತಿ ಶೀಘ್ರವಾಗಿ ಹೊರಹೋಗುತ್ತಿತ್ತು. ವೈದ್ಯರು ಆತನ ಮೂತ್ರವನ್ನು ಸಂಗ್ರಹಿಸಿ, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ನೀಡಿದರು. ಆದರೂ ದಾಸ್ತಾನು ಮುಗಿಯಿತು, ಸೋಂಕು ಮರುಕಳಿಸಿತು, ಮಾರ್ಚ್ ತಿಂಗಳಲ್ಲಿ ಆತ ತೀರಿಕೊಂಡನು. ಔಷಧ ಸರಿಯಾಗಿತ್ತು, ರೋಗಾಣು ಅದಕ್ಕೆ ಬಗ್ಗುತ್ತಲೂ ಇತ್ತು; ಆದರೆ ರಕ್ತದಲ್ಲಿನ ಮಟ್ಟವನ್ನು ಸಾಕಷ್ಟು ದಿನ ಕಾಯ್ದುಕೊಳ್ಳಲಾಗಲಿಲ್ಲ. ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಕೊಟ್ಟಿಗೆಯಲ್ಲಿ ಇಂದಿಗೂ ಆಗುವುದು ಇದೇ.

ಎರಡು ಬಗೆಯ ಔಷಧಗಳು, ಎರಡು ಬಗೆಯ ಅಂತರಗಳು

ರೋಗಾಣುವಿನ ಬೆಳವಣಿಗೆಯನ್ನು ತಡೆಯಲು ಬೇಕಾದ ಅತಿ ಕಡಿಮೆ ಔಷಧ ಸಾಂದ್ರತೆಯನ್ನು ಕನಿಷ್ಠ ಪ್ರತಿಬಂಧಕ ಸಾಂದ್ರತೆ ಎಂದು ಕರೆಯುತ್ತಾರೆ. ಔಷಧದ ಮಟ್ಟ ಈ ಗೆರೆಗೆ ಹೋಲಿಸಿದಾಗ ಎಲ್ಲಿದೆ ಎಂಬುದರ ಮೇಲೆ ಚಿಕಿತ್ಸೆಯ ಯಶಸ್ಸು ನಿಂತಿದೆ. ಆದರೆ ಎಲ್ಲ ಔಷಧಗಳೂ ಒಂದೇ ರೀತಿಯಲ್ಲಿ ಕೆಲಸ ಮಾಡುವುದಿಲ್ಲ.

ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸೆಫ್ಟಿಯೋಫರ್ ಮುಂತಾದವು ಕಾಲಾಧಾರಿತ ಔಷಧಗಳು. ಇವುಗಳ ಮಟ್ಟ ಆ ಗೆರೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಮುಖ್ಯ. ಎರಡು ಚುಚ್ಚುಮದ್ದುಗಳ ನಡುವಿನ ಅವಧಿಯ ಕನಿಷ್ಠ ಅರ್ಧ ಭಾಗವಾದರೂ ಗೆರೆಯ ಮೇಲಿರಬೇಕು ಎಂಬುದು ಸ್ಥೂಲ ಗುರಿ. ಒಂದೇ ಸಲ ಇಮ್ಮಡಿ ಪ್ರಮಾಣ ಚುಚ್ಚಿದರೆ ದೊರೆಯುವ ಹೆಚ್ಚುವರಿ ಕಾಲ ಕೇವಲ ಒಂದು ಅರ್ಧಾಯು. ಆದ್ದರಿಂದ ಇಂತಹ ಔಷಧದಲ್ಲಿ ಬೆಳಗಿನ ಚುಚ್ಚುಮದ್ದು ತಪ್ಪಿಸಿ ಸಂಜೆ ಎರಡರಷ್ಟು ಕೊಡಿಸುವುದರಿಂದ ತಪ್ಪಿದ ಹೊತ್ತು ಮರಳಿ ಬಾರದು. ಪ್ರೊಕೇಯ್ನ್ ಪೆನಿಸಿಲಿನ್ ಸ್ನಾಯುವಿನಿಂದ ನಿಧಾನವಾಗಿ ರಕ್ತಕ್ಕೆ ಸೇರುವಂತೆ ರೂಪಿಸಲಾದ ಔಷಧವಾದುದರಿಂದಲೇ ದಿನಕ್ಕೊಮ್ಮೆ ನೀಡಿದರೂ ಕೆಲಸ ಮಾಡುತ್ತದೆ.

ಜೆಂಟಾಮೈಸಿನ್, ಅಮಿಕಾಸಿನ್, ಎನ್ರೋಫ್ಲಾಕ್ಸಸಿನ್ ಮುಂತಾದವು ಸಾಂದ್ರತಾಧಾರಿತ ಔಷಧಗಳು. ಇವುಗಳಿಗೆ ಎತ್ತರ ಮುಖ್ಯ. ಜೆಂಟಾಮೈಸಿನ್ ಗುಂಪಿನ ಔಷಧಗಳಲ್ಲಿ ಶಿಖರ ಮಟ್ಟವು ಕನಿಷ್ಠ ಪ್ರತಿಬಂಧಕ ಸಾಂದ್ರತೆಯ 8ರಿಂದ 10 ಪಟ್ಟು ಇದ್ದರೆ ಪರಿಣಾಮ ಉತ್ತಮ. ಅದೇ ಪ್ರಮಾಣವನ್ನು ಎರಡು ಮೂರು ಪಾಲು ಮಾಡಿ ಹೊತ್ತು ಹೊತ್ತಿಗೆ ಕೊಟ್ಟರೆ ಶಿಖರ ತಗ್ಗುತ್ತದೆ, ಅಪಾಯ ಉಳಿಯುತ್ತದೆ. ಆದ್ದರಿಂದ ಪೂರ್ಣ ಪ್ರಮಾಣವನ್ನು ಒಂದೇ ಬಾರಿಗೆ ನೀಡಿ, ಮುಂದಿನ ಚುಚ್ಚುಮದ್ದಿನವರೆಗೆ ಮಟ್ಟ ಚೆನ್ನಾಗಿ ಇಳಿಯಲು ಬಿಡುವುದು ಇಂದಿನ ಪದ್ಧತಿ. ಆಕ್ಸಿಟೆಟ್ರಾಸೈಕ್ಲಿನ್‌ನಂತಹ ಔಷಧಗಳಲ್ಲಿ ಎತ್ತರ ಮತ್ತು ಕಾಲ ಎರಡೂ ಸೇರಿದ ಒಟ್ಟು ಮೊತ್ತ ಲೆಕ್ಕಕ್ಕೆ ಬರುತ್ತದೆ.

ಒಂದೇ ರೋಗಕ್ಕೆ ಒಬ್ಬ ವೈದ್ಯರು ದಿನಕ್ಕೊಮ್ಮೆ, ಮತ್ತೊಬ್ಬರು ದಿನಕ್ಕೆರಡು ಬಾರಿ ಚುಚ್ಚುಮದ್ದು ಬರೆದಿದ್ದರೆ ಅದು ಗೊಂದಲವಲ್ಲ. ಔಷಧ ಬೇರೆಯಾದಾಗ ಅಂತರವೂ ಬೇರೆಯಾಗುತ್ತದೆ.

ತೂಕದ ಅಂದಾಜು: ಮೊದಲ ತಪ್ಪು ಆಗುವುದು ಇಲ್ಲೇ

ಔಷಧದ ಪ್ರಮಾಣವನ್ನು ಪ್ರತಿ ಕಿಲೋ ದೇಹತೂಕಕ್ಕೆ ಇಷ್ಟು ಮಿಲಿಗ್ರಾಂ ಎಂದು ಗೊತ್ತುಪಡಿಸಲಾಗುತ್ತದೆ. ತೂಕದ ಅಂದಾಜು ತಪ್ಪಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ. ತೂಕದ ಯಂತ್ರವಿಲ್ಲದ ಹಳ್ಳಿಯಲ್ಲಿ ದರ್ಜಿಯ ಅಳತೆ ಪಟ್ಟಿಯೇ ಸಾಕು. ಮುಂಗಾಲುಗಳ ಹಿಂಬದಿಗೆ ಸರಿಯಾಗಿ ಎದೆಯ ಸುತ್ತಳತೆಯನ್ನು ಇಂಚುಗಳಲ್ಲಿ ಅಳೆಯಬೇಕು. ಭುಜದ ಮುಂತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯ ತುದಿಯವರೆಗೆ ಉದ್ದವನ್ನು ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕವು ಕಿಲೋಗಳಲ್ಲಿ ದೊರೆಯುತ್ತದೆ.

ಉದಾಹರಣೆಗೆ, ಸುತ್ತಳತೆ 68 ಇಂಚು, ಉದ್ದ 55 ಇಂಚು ಇರುವ ಆಕಳಿನ ತೂಕ: 68 × 68 × 55 ÷ 660 = ಸುಮಾರು 385 ಕಿಲೋ. ಇದನ್ನು ಕಣ್ಣಂದಾಜಿನಲ್ಲಿ 300 ಕಿಲೋ ಎಂದು ಹೇಳಿದರೆ, ಪ್ರತಿ ಕಿಲೋಗೆ 10 ಮಿಲಿಗ್ರಾಂ ಬೇಕಾದ ಔಷಧದಲ್ಲಿ 3,850 ಮಿಲಿಗ್ರಾಂ ಬದಲು 3,000 ಮಿಲಿಗ್ರಾಂ ಮಾತ್ರ ಸೇರುತ್ತದೆ. ಐದರಲ್ಲಿ ಒಂದು ಪಾಲಿಗೂ ಮಿಕ್ಕಿದ ಕೊರತೆಯಿದು. ಎಮ್ಮೆಗಳಲ್ಲಿ ಮತ್ತು ತುಂಬು ಗಬ್ಬದ ರಾಸುಗಳಲ್ಲಿ ಈ ಸೂತ್ರ ಅಂದಾಜು ಮಾತ್ರವಾದರೂ ಕಣ್ಣಳತೆಗಿಂತ ಮೇಲು.

ಎರಡನೆಯ ತಪ್ಪು ಮಿಲಿಲೀಟರಿನದು. ಆಕ್ಸಿಟೆಟ್ರಾಸೈಕ್ಲಿನ್ ಔಷಧವು ಪ್ರತಿ ಮಿ.ಲೀ.ಗೆ 50 ಮಿಲಿಗ್ರಾಂ ಮತ್ತು 200 ಮಿಲಿಗ್ರಾಂ ಎಂಬ ಬೇರೆ ಬೇರೆ ಶಕ್ತಿಗಳಲ್ಲಿ ದೊರೆಯುತ್ತದೆ. ‘ಹಿಂದಿನ ಸಲ 30 ಮಿ.ಲೀ. ಕೊಟ್ಟಿದ್ದರು’ ಎಂದು ಬಾಟಲಿಯನ್ನು ಗಮನಿಸದೆ ನೀಡಿದರೆ ಒಂದರಲ್ಲಿ 1,500 ಮಿಲಿಗ್ರಾಂ, ಇನ್ನೊಂದರಲ್ಲಿ 6,000 ಮಿಲಿಗ್ರಾಂ ದೇಹಕ್ಕೆ ಹೋಗುತ್ತದೆ. ಆದ್ದರಿಂದ ಔಷಧದ ಹೆಸರು, ಶಕ್ತಿ ಮತ್ತು ಮಿಲಿಗ್ರಾಂ ಮೂರನ್ನೂ ಬರೆದಿಟ್ಟುಕೊಳ್ಳಬೇಕು.

ಒಂದೇ ತೂಕ, ಬೇರೆ ದೇಹಸ್ಥಿತಿ

ತೂಕ ಒಂದೇ ಇದ್ದರೂ ಎರಡು ರಾಸುಗಳ ರಕ್ತದಲ್ಲಿ ಔಷಧದ ಮಟ್ಟ ಒಂದೇ ಇರುವುದಿಲ್ಲ. ಅದಕ್ಕೆ ಮುಖ್ಯ ಕಾರಣಗಳು ಇಂತಿವೆ.

ವಯಸ್ಸು: ಎಳೆಗರುವಿನ ದೇಹದಲ್ಲಿ ನೀರಿನ ಪಾಲು ಹೆಚ್ಚು. ಜೆಂಟಾಮೈಸಿನ್‌ನಂತೆ ನೀರಿನಲ್ಲಿ ಹರಡುವ ಔಷಧವು ಅಲ್ಲಿ ತೆಳುವಾಗುವುದರಿಂದ ಶಿಖರ ತಗ್ಗುತ್ತದೆ. ಅದೇ ವೇಳೆಗೆ ಮೂತ್ರಪಿಂಡ ಇನ್ನೂ ಪಕ್ವವಾಗಿರದ ಕಾರಣ ಹೊರಹರಿವು ನಿಧಾನ. ಹೀಗಾಗಿ ಕಿಲೋಗೆ ತುಸು ಹೆಚ್ಚು ಪ್ರಮಾಣ, ಆದರೆ ಹೆಚ್ಚು ಅಂತರ ಬೇಕಾಗಬಹುದು. ದೊಡ್ಡ ರಾಸಿನ ಪ್ರಮಾಣವನ್ನು ಕಾಲು ಭಾಗ ಮಾಡಿ ಕರುವಿಗೆ ನೀಡುವ ರೂಢಿ ಇಲ್ಲಿ ಎರಡೂ ಕಡೆ ಎಡವುತ್ತದೆ.

ನೀರಿನ ಕೊರತೆ: ಭೇದಿಯಿಂದ ಬಳಲಿ ಕಣ್ಣು ಗುಳಿಬಿದ್ದ ಕರುವಿನಲ್ಲಿ ಮೂತ್ರಪಿಂಡಕ್ಕೆ ರಕ್ತದ ಹರಿವು ಕುಗ್ಗಿರುತ್ತದೆ. ಔಷಧ ಹೊರಹೋಗದೆ ಸಂಗ್ರಹವಾಗುತ್ತದೆ. ಜೆಂಟಾಮೈಸಿನ್ ಗುಂಪಿನ ಔಷಧಗಳು ಹೀಗೆ ಉಳಿದಾಗ ಮೂತ್ರಪಿಂಡಕ್ಕೇ ಹಾನಿ ಮಾಡುತ್ತವೆ. ಹಾನಿಯಾದ ಮೂತ್ರಪಿಂಡ ಔಷಧವನ್ನು ಇನ್ನೂ ನಿಧಾನವಾಗಿ ಹೊರಹಾಕುತ್ತದೆ. ಆದುದರಿಂದ ಮೊದಲು ದ್ರವ ಚಿಕಿತ್ಸೆ, ನಂತರ ಇಂತಹ ಔಷಧ ಎಂಬುದು ನಿಯಮ. ನೋವು ನಿವಾರಕ ಚುಚ್ಚುಮದ್ದು ಈಗಾಗಲೇ ಆಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು; ಎರಡೂ ಸೇರಿದಾಗ ಮೂತ್ರಪಿಂಡದ ಮೇಲಿನ ಹೊರೆ ಹೆಚ್ಚುತ್ತದೆ.

ನೀಡುವ ಮಾರ್ಗ: ಮೆಲುಕು ಹಾಕುವ ದೊಡ್ಡ ರಾಸಿಗೆ ಪ್ರತಿಜೈವಿಕವನ್ನು ಬಾಯಿಯ ಮೂಲಕ ನೀಡಿದರೆ ಅದು ಮೇವನ್ನು ಜೀರ್ಣಿಸುವ ಹೊಟ್ಟೆಯ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ, ರಕ್ತಕ್ಕೂ ಸರಿಯಾಗಿ ಸೇರುವುದಿಲ್ಲ. ಎಳೆಗರುವಿಗೆ ಟೆಟ್ರಾಸೈಕ್ಲಿನ್ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಸಿದರೆ ಹಾಲಿನ ಸುಣ್ಣದ ಅಂಶ ಔಷಧವನ್ನು ಹಿಡಿದಿಡುತ್ತದೆ. ದೊಡ್ಡ ಮೊತ್ತದ ಚುಚ್ಚುಮದ್ದನ್ನು ಒಂದೇ ಜಾಗದಲ್ಲಿ ತುಂಬಿದರೆ ಅದು ಗಡ್ಡೆಕಟ್ಟಿ ಅನಿರೀಕ್ಷಿತವಾಗಿ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಆದ್ದರಿಂದಲೇ ಲೇಬಲ್ಲಿನಲ್ಲಿ ಒಂದು ಜಾಗಕ್ಕೆ ಇಷ್ಟೇ ಮಿ.ಲೀ. ಎಂಬ ಮಿತಿ ಇರುತ್ತದೆ.

ರಕ್ತ ಪರೀಕ್ಷೆಯಿಂದ ಅಂತರವನ್ನು ನಿರ್ಧರಿಸುವ ಬಗೆ

ಮಾನವ ವೈದ್ಯಕೀಯದಲ್ಲಿ ಜೆಂಟಾಮೈಸಿನ್, ಅಮಿಕಾಸಿನ್ ಮತ್ತು ವ್ಯಾಂಕೋಮೈಸಿನ್ ಔಷಧಗಳಿಗೆ ರಕ್ತದ ಮಟ್ಟವನ್ನು ಅಳೆದು ಪ್ರಮಾಣ ಸರಿಪಡಿಸುವ ಪದ್ಧತಿ ರೂಢಿಯಲ್ಲಿದೆ. ಪಶುವೈದ್ಯಕೀಯದಲ್ಲಿ ಬೆಲೆಬಾಳುವ ಕುದುರೆ ಮರಿಗಳಂತಹ ಆಯ್ದ ಸಂದರ್ಭಗಳಲ್ಲಿ ಇದನ್ನು ಅನುಸರಿಸುತ್ತಾರೆ. ಇದರ ಲೆಕ್ಕ ಕಠಿಣವಾದುದಲ್ಲ.

ಜೆಂಟಾಮೈಸಿನ್‌ನಂತಹ ಔಷಧವನ್ನು ನೀಡಿದ 1 ಗಂಟೆಯ ನಂತರ ಮತ್ತು 7 ಗಂಟೆಯ ನಂತರ ರಕ್ತದ ಮಾದರಿ ತೆಗೆದುಕೊಂಡರು ಎಂದು ಭಾವಿಸೋಣ. ಆರೋಗ್ಯವಂತ ಮೂತ್ರಪಿಂಡವಿರುವ ಮೊದಲ ರಾಸಿನಲ್ಲಿ ಮಟ್ಟವು ಪ್ರತಿ ಮಿ.ಲೀ.ಗೆ 24 ಮೈಕ್ರೋಗ್ರಾಂನಿಂದ 3ಕ್ಕೆ ಇಳಿಯಿತು. 24ರಿಂದ 12, 12ರಿಂದ 6, 6ರಿಂದ 3: ಆರು ಗಂಟೆಯಲ್ಲಿ ಮೂರು ಬಾರಿ ಅರ್ಧವಾಗಿದೆ, ಅರ್ಧಾಯು 2 ಗಂಟೆ. ನೀರಿನ ಕೊರತೆಯಿಂದ ಮೂತ್ರಪಿಂಡ ಸೊರಗಿದ ಎರಡನೆಯ ರಾಸಿನಲ್ಲಿ ಅದೇ ಆರು ಗಂಟೆಯಲ್ಲಿ 24ರಿಂದ 12ಕ್ಕೆ ಮಾತ್ರ ಇಳಿಯಿತು. ಅರ್ಧಾಯು 6 ಗಂಟೆ.

ಮುಂದಿನ ಚುಚ್ಚುಮದ್ದಿಗೆ ಮೊದಲು ಮಟ್ಟವು 1.5ಕ್ಕೆ ಇಳಿಯಬೇಕು ಎಂದಿಟ್ಟುಕೊಂಡರೆ 24 ನಾಲ್ಕು ಬಾರಿ ಅರ್ಧವಾಗಬೇಕು. ಮೊದಲ ರಾಸಿಗೆ ಇದಕ್ಕೆ 8 ಗಂಟೆ ಸಾಕು. ಎರಡನೆಯದಕ್ಕೆ 24 ಗಂಟೆ ಬೇಕು. ಇದನ್ನು ಲೆಕ್ಕಿಸದೆ ಎರಡನೆಯ ರಾಸಿಗೆ 12 ಗಂಟೆಗೊಮ್ಮೆ ಚುಚ್ಚಿದರೆ ಹಳೆಯ ಔಷಧ 6ರಷ್ಟು ಉಳಿದಿರುವಾಗಲೇ ಹೊಸದು ಸೇರಿ ಶಿಖರ 30 ಆಗುತ್ತದೆ. ಕೆಲವು ಚುಚ್ಚುಮದ್ದುಗಳ ಬಳಿಕ ಶಿಖರ 32, ತಳಮಟ್ಟ 8 ಎಂಬಲ್ಲಿ ನಿಲ್ಲುತ್ತದೆ. ಶಿಖರದ ಏರಿಕೆ ಅಲ್ಪವೆಂದು ಕಂಡರೂ ತಳಮಟ್ಟ 1.5ರ ಬದಲು 8ರಲ್ಲಿ ಉಳಿಯುವುದೇ ಮೂತ್ರಪಿಂಡಕ್ಕೆ ಅಪಾಯ.

ಇಲ್ಲಿ ಪರಿಹಾರವೇನು? ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರೆ ಶಿಖರ ತಗ್ಗಿ ರೋಗಾಣು ಉಳಿಯುತ್ತದೆ. ಸಾಂದ್ರತಾಧಾರಿತ ಔಷಧದಲ್ಲಿ ಪ್ರಮಾಣವನ್ನು ಹಾಗೆಯೇ ಇಟ್ಟು ಅಂತರವನ್ನು ಹೆಚ್ಚಿಸುವುದು ಸರಿಯಾದ ಮಾರ್ಗ. ಪೆನಿಸಿಲಿನ್‌ನಂತಹ ಕಾಲಾಧಾರಿತ ಔಷಧದಲ್ಲಿ ಮಟ್ಟ ಬೇಗ ಇಳಿಯುತ್ತಿದ್ದರೆ ಅಂತರವನ್ನು ಕಡಿಮೆ ಮಾಡುವುದು ಅಥವಾ ನಿಧಾನವಾಗಿ ಬಿಡುಗಡೆಯಾಗುವ ರೂಪವನ್ನು ಆರಿಸುವುದು ಮಾರ್ಗ. ಪ್ರಮಾಣ ಮತ್ತು ಅಂತರ ಎರಡು ಬೇರೆ ಬೇರೆ ಹಿಡಿಕೆಗಳು. ಯಾವುದನ್ನು ತಿರುಗಿಸಬೇಕೆಂಬುದನ್ನು ಔಷಧದ ಸ್ವಭಾವ ನಿರ್ಧರಿಸುತ್ತದೆ, ಊಹೆಯಲ್ಲ.

ಹಳ್ಳಿಯ ಕೊಟ್ಟಿಗೆಯಲ್ಲಿ ಮಟ್ಟವನ್ನು ಕಾಯುವುದು ಹೇಗೆ?

ಹೈನುರಾಸುಗಳ ನಿತ್ಯ ಚಿಕಿತ್ಸೆಯಲ್ಲಿ ಔಷಧದ ಮಟ್ಟಕ್ಕಾಗಿ ರಕ್ತ ಪರೀಕ್ಷೆ ಮಾಡುವುದು ಇಂದು ಕಾರ್ಯಸಾಧ್ಯವಲ್ಲ. ಆದರೆ ಅದೇ ಉದ್ದೇಶವನ್ನು ಬಹುಮಟ್ಟಿಗೆ ಈಡೇರಿಸುವ ಸಾಧನಗಳು ನಮ್ಮ ಕೈಯಲ್ಲಿವೆ. ಅಳತೆ ಪಟ್ಟಿಯಿಂದ ತೂಕ ತಿಳಿಯುತ್ತದೆ. ರಾಸು ಕುಡಿದ ನೀರು ಮತ್ತು ಹಾಕಿದ ಮೂತ್ರದ ಗಮನಿಕೆಯಿಂದ ಮೂತ್ರಪಿಂಡದ ಸ್ಥಿತಿಯ ಸುಳಿವು ಸಿಗುತ್ತದೆ. ಸಂಶಯವಿದ್ದರೆ ವೈದ್ಯರು ರಕ್ತದ ಕ್ರಿಯಾಟಿನಿನ್ ಪರೀಕ್ಷೆಗೆ ಸೂಚಿಸುತ್ತಾರೆ.

ಕೆಚ್ಚಲು ಬಾವಿನಲ್ಲಿ ಔಷಧ ನೀಡುವ ಮೊದಲೇ ಹಾಲಿನ ಮಾದರಿಯನ್ನು ಶುದ್ಧವಾದ ಸೀಸೆಯಲ್ಲಿ ಸಂಗ್ರಹಿಸಿ ರೋಗಾಣು ಸಂವೇದನಾ ಪರೀಕ್ಷೆಗೆ ಕಳುಹಿಸುವುದು ಅತ್ಯಂತ ಉಪಯುಕ್ತ. ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ರೋಗಾಣು ಬಗ್ಗದ ಔಷಧದ ಪ್ರಮಾಣವನ್ನು ಎಷ್ಟು ಸರಿಪಡಿಸಿದರೂ ಫಲವಿಲ್ಲ. ಮಾದರಿಗೆ ಮೊದಲು ಮೊಲೆತೊಟ್ಟನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಕೆಲವು ಧಾರೆಗಳನ್ನು ಬಿಟ್ಟು, ನಂತರದ ಹಾಲನ್ನು ಹಿಡಿಯಬೇಕು.

ಚಿಕಿತ್ಸೆ ಆರಂಭಿಸಿದ ಎರಡು ಮೂರು ದಿನಗಳಲ್ಲಿ ಜ್ವರ, ಮೇವು ತಿನ್ನುವಿಕೆ, ಕೆಚ್ಚಲಿನ ಬಿಸಿ ಮತ್ತು ಹಾಲಿನ ಬಣ್ಣದಲ್ಲಿ ಸುಧಾರಣೆ ಕಾಣದಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು. ಅಂಗಡಿಯಿಂದ ಇನ್ನೊಂದು ಬಾಟಲಿ ತಂದು ತಾವೇ ಸೇರಿಸುವುದು ಸಲ್ಲದು.

ರಕ್ತದಿಂದ ಹಾಲಿಗೆ

ಕೆಚ್ಚಲು ಹಾಲನ್ನು ತಯಾರಿಸುವುದು ರಕ್ತದಿಂದಲೇ. ಆದ್ದರಿಂದ ರಕ್ತದಲ್ಲಿರುವ ಔಷಧವು ಹಾಲಿಗೂ ಬರುತ್ತದೆ. ಎಷ್ಟು ಬರುತ್ತದೆ ಎಂಬುದು ಔಷಧದ ಗುಣವನ್ನು ಅವಲಂಬಿಸಿದೆ. ರಕ್ತದ ಪಿ.ಹೆಚ್. 7.4, ಆರೋಗ್ಯವಂತ ರಾಸಿನ ಹಾಲಿನದು ಸುಮಾರು 6.6. ಈ ವ್ಯತ್ಯಾಸದ ಕಾರಣ ಟೈಲೋಸಿನ್, ಎರಿಥ್ರೋಮೈಸಿನ್‌ನಂತಹ ದುರ್ಬಲ ಪ್ರತ್ಯಾಮ್ಲಗಳು ಹಾಲಿನಲ್ಲಿ ಸೆರೆಯಾಗಿ ರಕ್ತಕ್ಕಿಂತ ಹೆಚ್ಚಿನ ಮಟ್ಟಕ್ಕೆ ಏರುತ್ತವೆ. ಪೆನಿಸಿಲಿನ್ ದುರ್ಬಲ ಆಮ್ಲವಾದುದರಿಂದ ರಕ್ತದಿಂದ ಹಾಲಿಗೆ ಕಡಿಮೆ ಬರುತ್ತದೆ. ಕೆಚ್ಚಲು ಬಾವಿನಲ್ಲಿ ಹಾಲಿನ ಪಿ.ಹೆಚ್. ಏರಿ ರಕ್ತಕ್ಕೆ ಹತ್ತಿರವಾಗುವುದರಿಂದ ಈ ಲೆಕ್ಕವೂ ಬದಲಾಗುತ್ತದೆ.

ಕಡಿಮೆ ಬಂದರೂ ಅದು ನಗಣ್ಯವಲ್ಲ. ಅಂತಾರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಹಾಲಿನಲ್ಲಿ ಬೆಂಜೈಲ್ ಪೆನಿಸಿಲಿನ್ ಉಳಿಕೆಯ ಮಿತಿ ಒಂದು ಕಿಲೋ ಹಾಲಿಗೆ 4 ಮೈಕ್ರೋಗ್ರಾಂ. ಚಿಕಿತ್ಸೆ ಪಡೆದ ಒಂದು ಎಮ್ಮೆಯ ಒಂದು ಹೊತ್ತಿನ ಹಾಲಿನಲ್ಲಿ 10 ಮಿಲಿಗ್ರಾಂ ಪೆನಿಸಿಲಿನ್ ಉಳಿದಿದೆ ಎನ್ನೋಣ. ಅದು 10,000 ಮೈಕ್ರೋಗ್ರಾಂ. 4ರಿಂದ ಭಾಗಿಸಿದರೆ 2,500. ಅಂದರೆ ಒಂದು ಬಕೆಟ್ ಹಾಲು ಸಂಘದ ಶೀತಲೀಕರಣ ಘಟಕದಲ್ಲಿನ 2,500 ಕಿಲೋ ಹಾಲನ್ನು ಮಿತಿಯ ಅಂಚಿಗೆ ತರಬಲ್ಲದು. ಪರೀಕ್ಷೆಯಲ್ಲಿ ಅದು ಪತ್ತೆಯಾದರೆ ನಷ್ಟ ಒಬ್ಬರದಲ್ಲ, ಅಂದು ಹಾಲು ಹಾಕಿದ ಎಲ್ಲ ಮನೆಗಳದ್ದು. ಪತ್ತೆಯಾಗದೆ ಹೋದರೆ ಹಾನಿ ಇನ್ನೂ ದೊಡ್ಡದು. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅದು ಅಪಾಯ. ಮಿಕ್ಕವರ ದೇಹದಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ಅವಕಾಶ.

ಕಾಯಿಸಿದರೆ ಔಷಧ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಕುದಿಸುವುದರಿಂದ ರೋಗಾಣು ಸಾಯುತ್ತದೆ, ಆದರೆ ಬಹುತೇಕ ಪ್ರತಿಜೈವಿಕಗಳು ಪೂರ್ಣವಾಗಿ ನಾಶವಾಗುವುದಿಲ್ಲ. ಬೆಳಗಾವಿಯ ಕುಂದಾ ತಯಾರಿಸುವಾಗ ಆಗುವಂತೆ ಹಾಲನ್ನು ಬತ್ತಿಸಿ ಖೋವಾ ಮಾಡಿದರೆ ಆವಿಯಾಗುವುದು ನೀರು. ಉಳಿಕೆಯ ಔಷಧ ಸಾಂದ್ರಗೊಳ್ಳುತ್ತದೆ.

ಹೆಪ್ಪು ಹಾಕಿದ ಹಾಲು ಮೊಸರಾಗದಿರುವುದಕ್ಕೂ ಇದೇ ಕಾರಣವಿರಬಹುದು. ಮೊಸರಿನ ಸೂಕ್ಷ್ಮಜೀವಿಗಳು ಪ್ರತಿಜೈವಿಕಕ್ಕೆ, ಅದರಲ್ಲೂ ಪೆನಿಸಿಲಿನ್‌ಗೆ, ಬೇಗ ಬಗ್ಗುತ್ತವೆ. ಹೆಪ್ಪು ಸರಿಯಾಗಿದ್ದೂ ಹಾಲು ಮೊಸರಾಗದಿದ್ದರೆ ಆ ಹಾಲನ್ನು ಅನುಮಾನಿಸಬೇಕು. ಆದರೆ ಇದರ ವಿಲೋಮ ಸತ್ಯವಲ್ಲ: ಮೊಸರು ಹೆಪ್ಪುಗಟ್ಟಿದ ಮಾತ್ರಕ್ಕೆ ಹಾಲಿನಲ್ಲಿ ಔಷಧವಿಲ್ಲ ಎನ್ನಲಾಗದು.

ಹಾಲು ತಡೆಹಿಡಿಯುವ ಅವಧಿ

ಕೊನೆಯ ಚುಚ್ಚುಮದ್ದಿನಿಂದ ಹಾಲು ಅಥವಾ ಮಾಂಸದಲ್ಲಿನ ಔಷಧದ ಉಳಿಕೆ ಮಿತಿಗಿಂತ ಕೆಳಗಿಳಿಯುವವರೆಗಿನ ಕಾಲವನ್ನು ತಡೆಹಿಡಿಯುವ ಅವಧಿ ಎನ್ನುತ್ತಾರೆ. ಔಷಧ ನಿಯಮಗಳು, 1945ರ 97ನೆಯ ನಿಯಮಕ್ಕೆ 2012ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಆಹಾರ ನೀಡುವ ಪ್ರಾಣಿಗಳ ಔಷಧದ ಲೇಬಲ್ಲಿನಲ್ಲಿ ಈ ಅವಧಿಯನ್ನು ನಮೂದಿಸುವುದು ಕಡ್ಡಾಯ. ಆ ಔಷಧಕ್ಕೆ ನಿರ್ದಿಷ್ಟ ಅವಧಿ ದೃಢಪಟ್ಟಿಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಎಂದು ನಿಯಮ ಹೇಳುತ್ತದೆ. ಕುರಿ, ಆಡುಗಳನ್ನು ಸಂತೆಗೆ ಒಯ್ಯುವವರೂ ಇದನ್ನು ನೆನಪಿಡಬೇಕು.

ಈ ಅವಧಿಯನ್ನು ಎಣಿಸುವಾಗ ಮೂರು ಅಂಶಗಳು ಮುಖ್ಯ. ಮೊದಲನೆಯದಾಗಿ, ಎಣಿಕೆ ಆರಂಭವಾಗುವುದು ಕೊನೆಯ ಚುಚ್ಚುಮದ್ದಿನಿಂದ. ಚಿಕಿತ್ಸೆಯ ಎಲ್ಲ ದಿನಗಳ ಹಾಲೂ ಇದಕ್ಕೆ ಮೊದಲೇ ವರ್ಜ್ಯ. ಎರಡನೆಯದಾಗಿ, ಲೇಬಲ್ಲಿನ ಅವಧಿಯು ಲೇಬಲ್ಲಿನ ಪ್ರಮಾಣಕ್ಕೆ, ಮಾರ್ಗಕ್ಕೆ ಮತ್ತು ಅಂತರಕ್ಕೆ ಮಾತ್ರ ಅನ್ವಯ. ವೈದ್ಯರು ರಾಸಿನ ಸ್ಥಿತಿಗೆ ತಕ್ಕಂತೆ ಪ್ರಮಾಣ ಹೆಚ್ಚಿಸಿದ್ದರೆ ಅಥವಾ ರಾಸಿನ ಮೂತ್ರಪಿಂಡ ಸೊರಗಿದ್ದರೆ ಔಷಧ ಹೊರಹೋಗುವ ಕಾಲವೂ ಹಿಗ್ಗುತ್ತದೆ. ತಡೆಹಿಡಿಯುವ ದಿನಗಳನ್ನು ಅವರಿಂದಲೇ ಕೇಳಿ ತಿಳಿಯಬೇಕು. ಮೂರನೆಯದಾಗಿ, ಒಂದೇ ಮೊಲೆಗೆ ಟ್ಯೂಬ್ ಔಷಧ ಹಾಕಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಬಿಡಬೇಕು. ಔಷಧವು ರಕ್ತದ ಮೂಲಕ ಉಳಿದ ಮೊಲೆಗಳಿಗೂ ತಲುಪಬಲ್ಲದು.

ಜೆಂಟಾಮೈಸಿನ್ ರಕ್ತದಿಂದ ಗಂಟೆಗಳಲ್ಲಿ ಇಳಿದರೂ ಮೂತ್ರಪಿಂಡದ ಅಂಗಾಂಶದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ರಕ್ತ ಶುದ್ಧವಾದಾಗ ದೇಹವೆಲ್ಲ ಶುದ್ಧವಾಯಿತೆಂದು ಭಾವಿಸಲಾಗದು ಎಂಬುದಕ್ಕೆ ಇದು ನಿದರ್ಶನ. ಆಹಾರ ನೀಡುವ ಪ್ರಾಣಿಗಳಲ್ಲಿ ಇದರ ಬಳಕೆಗೆ ವೈದ್ಯರು ಹಿಂಜರಿಯುವುದು ಇದೇ ಕಾರಣಕ್ಕೆ. ಮಾನವ ಚಿಕಿತ್ಸೆಯಲ್ಲಿ ಕೊನೆಯ ಆಸರೆಯಾಗಿರುವ ಕೊಲಿಸ್ಟಿನ್ ಔಷಧವನ್ನಂತೂ ಆಹಾರ ನೀಡುವ ಪ್ರಾಣಿಗಳು, ಕೋಳಿ ಮತ್ತು ಪಶು ಆಹಾರದಲ್ಲಿ ಬಳಸದಂತೆ ಕೇಂದ್ರ ಸರ್ಕಾರವು 2019ರ ಜುಲೈಯಲ್ಲಿ ನಿಷೇಧಿಸಿದೆ.

ಹೈನುಗಾರರು ಅನುಸರಿಸಬೇಕಾದ ಕ್ರಮಗಳು

1. ಪ್ರತಿ ರಾಸಿನ ಸುತ್ತಳತೆ ಮತ್ತು ಉದ್ದವನ್ನು ಅಳೆದು ತೂಕವನ್ನು ಬರೆದಿಟ್ಟುಕೊಳ್ಳಿ. ವೈದ್ಯರು ಬಂದಾಗ ಮೊದಲು ಅದನ್ನು ತಿಳಿಸಿ.

2. ರಾಸಿನ ವಯಸ್ಸು, ಗಬ್ಬ, ಭೇದಿ, ನೀರು ಕುಡಿಯುವಿಕೆ, ಮೂತ್ರ ಮತ್ತು ಈಗಾಗಲೇ ನೀಡಿದ ಎಲ್ಲ ಔಷಧಗಳನ್ನು ಮುಚ್ಚಿಡದೆ ಹೇಳಿ. ಅಂಗಡಿಯಿಂದ ತಂದು ಕೊಟ್ಟದ್ದನ್ನೂ ಹೇಳಿ.

3. ಕೆಚ್ಚಲು ಬಾವಿನಲ್ಲಿ ಮೊದಲ ಚುಚ್ಚುಮದ್ದಿಗೆ ಮುನ್ನ ಹಾಲಿನ ಮಾದರಿ ತೆಗೆಯುವಂತೆ ವೈದ್ಯರನ್ನು ಕೋರಿ.

4. ಚುಚ್ಚುಮದ್ದಿನ ಹೊತ್ತನ್ನು ತಪ್ಪಿಸಬೇಡಿ. ತಪ್ಪಿದರೆ ಮುಂದಿನದನ್ನು ಇಮ್ಮಡಿಗೊಳಿಸದೆ ವೈದ್ಯರನ್ನು ಕೇಳಿ.

5. ರಾಸು ಗೆಲುವಾಗಿ ಕಂಡಿತೆಂದು ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿ. ಉಳಿದ ಔಷಧವನ್ನು ಮತ್ತೊಂದು ರಾಸಿಗೆ ಬಳಸಬೇಡಿ.

6. ದಿನಾಂಕ, ರಾಸು, ಔಷಧದ ಹೆಸರು, ಶಕ್ತಿ, ಮಿಲಿಗ್ರಾಂ, ಕೊನೆಯ ಚುಚ್ಚುಮದ್ದಿನ ಹೊತ್ತು ಮತ್ತು ಹಾಲು ಹಾಕಬಹುದಾದ ದಿನ, ಇಷ್ಟನ್ನು ಒಂದು ವಹಿಯಲ್ಲಿ ಬರೆಯಿರಿ.

7. ಚಿಕಿತ್ಸೆಯಲ್ಲಿರುವ ರಾಸಿನ ಕಾಲಿಗೆ ಬಣ್ಣದ ಪಟ್ಟಿ ಕಟ್ಟಿ. ಹಾಲು ಹಿಂಡುವವರು ಬೇರೆಯವರಾದಾಗ ಗುರುತು ತಪ್ಪುವುದಿಲ್ಲ. ಆ ರಾಸನ್ನು ಕೊನೆಯಲ್ಲಿ ಹಿಂಡಿ, ಹಾಲನ್ನು ಬೇರೆ ಪಾತ್ರೆಯಲ್ಲಿ ತೆಗೆದು ಚೆಲ್ಲಿ. ಕರುವಿಗೂ ಕುಡಿಸಬೇಡಿ.

8. ತಿಳಿಯದೆ ಅಂತಹ ಹಾಲು ಡೇರಿ ಸೇರಿದ್ದರೆ ಕೂಡಲೇ ಸಂಘದ ಕಾರ್ಯದರ್ಶಿಗೆ ತಿಳಿಸಿ. ಆ ಒಂದು ಮಾತು ಊರಿನ ಹಾಲನ್ನು ಉಳಿಸಬಲ್ಲದು.

ಪ್ರಮಾಣ, ಅಂತರ, ಚಿಕಿತ್ಸೆಯ ದಿನಗಳು ಮತ್ತು ಹಾಲು ತಡೆಹಿಡಿಯುವ ಅವಧಿ ನಾಲ್ಕು ಬೇರೆ ಬೇರೆ ಸೂಚನೆಗಳಲ್ಲ. ಔಷಧವು ದೇಹಕ್ಕೆ ಬಂದು ಹೋಗುವ ಒಂದೇ ಲೆಕ್ಕದ ನಾಲ್ಕು ಸಾಲುಗಳು. ಒಂದನ್ನು ಬದಲಿಸಿದರೆ ಉಳಿದ ಮೂರೂ ಬದಲಾಗುತ್ತವೆ. ಆದ್ದರಿಂದ ಯಾವ ಬದಲಾವಣೆಯೂ ವೈದ್ಯರ ಸಲಹೆಯಿಂದಲೇ ಆಗಲಿ. ರಾಸಿಗೆ ಅಸ್ವಸ್ಥತೆ ಕಂಡಾಗ ಸಮೀಪದ ಪಶು ಆಸ್ಪತ್ರೆಯನ್ನು ಅಥವಾ 1962 ಸಂಖ್ಯೆಯ ಸಂಚಾರಿ ಪಶು ಚಿಕಿತ್ಸಾ ಸೇವೆಯನ್ನು ಸಂಪರ್ಕಿಸಬಹುದು.